ವಾಲಿವೆ

ಅವನು ಒಳ್ಳೆಯದನ್ನೇ ಮಾಡಿದೆ ಅಂದುಕೊಂಡಿದ್ದ. ಪ್ರಯೋಗಾಲಯದ ಗಾಜುಮನೆಯಲ್ಲಿ ನೀರಿನ ಪೈಪು ನೋಡಿಕೊಳ್ಳುವ ಮೆಕ್ಯಾನಿಕ್ ಅವನು, ಕೆಲಸಕ್ಕೆ ಹೊಸಬ. ಒಂದು ಸಾಲಿನ ಸಸಿಗಳ ಕುಂಡಗಳೆಲ್ಲ ಓರೆಯಾಗಿದ್ದವು, ಪಕ್ಕದಲ್ಲೊಂದು ಚೀಟಿ: 'ವಾಲಿವೆ'. ಯಾರೋ ದೂರು ಬರೆದಿದ್ದಾರೆಂದು ಎಲ್ಲವನ್ನೂ ನೆಟ್ಟಗೆ ನಿಲ್ಲಿಸಿ ಹೋಗಿದ್ದ.

ಬೆಳಿಗ್ಗೆ ಬಂದ ಸಂಶೋಧಕಿ ತಲೆಯ ಮೇಲೆ ಕೈ ಹೊತ್ತು ಕೂತಳು.

"ಯಾರ್ರೀ ಆ ಪುಣ್ಯಾತ್ಮ?"

"ನಾನೇ ಮೇಡಂ. ವಾಲಿವೆ ಅಂತ ಬರೆದಿತ್ತಲ್ಲ..."

"ಅದು ದೂರಲ್ಲ ರೀ, ಲೇಬಲ್ಲು! ಬೇಕಂತಲೇ ವಾಲಿಸಿದ್ದೆ. ಇಡೀ ವರ್ಷದ ಕೆಲಸ ಹೋಯ್ತು."

ಅವಳ ಕಣ್ಣು ತುಂಬಿತು. ಅವನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಂದಿನಿಂದ ತನ್ನ ಕೆಲಸ ಮುಗಿದ ಮೇಲೂ ನಿಂತು ಅವಳು ಇನ್ನೇನೆಂದು ನೆಟ್ಟಗೇ ಬಿಟ್ಟಿದ್ದ ಆ ಸಸಿಗಳನ್ನು ನೋಡಿಕೊಳ್ಳತೊಡಗಿದ. ಅವಳು ತಲೆ ಬಗ್ಗಿಸಿದಾಗ ಅವಳತ್ತ ನೋಡುವನು, ತಲೆಯೆತ್ತಿದರೆ ಪೈಪಿನತ್ತ. ಆ ಪೈಪಿನಲ್ಲಿ ಅದೇನು ಚೆಂದವಿತ್ತೋ! ಅವಳ ತುಟಿಯಂಚಿನಲ್ಲೂ ಆಗಾಗ ನಗು ಸುಳಿಯುತ್ತಿತ್ತು.

ಕೆಲವು ತಿಂಗಳಾದ ಮೇಲೆ ಸಸಿ ಕತ್ತರಿಸುವ ದಿನ ಬಂತು. ಕಾಂಡದ ತೆಳು ಬಿಲ್ಲೆಯನ್ನು ಬಣ್ಣದಲ್ಲಿ ಅದ್ದಿ ಮೈಕ್ರೋಸ್ಕೋಪಿನಲ್ಲಿ ಇಟ್ಟವಳು ಉಸಿರಾಡುವುದನ್ನೇ ಮರೆತಳು.

"ಬನ್ನಿ ಇಲ್ಲಿ, ನೋಡಿ."

ಸಾವಿರಾರು ಪುಟ್ಟ ಪುಟ್ಟ ಕೋಣೆಗಳು. ಒಂದು ಕಡೆ ನೀಲಿ ಪಟ್ಟೆ. ಆ ಪಟ್ಟೆ ಮುಗಿದ ಮೇಲೆ ಎದುರು ಬದಿಯಲ್ಲಿ ಇನ್ನೊಂದು.

"ಗಿಡ ವಾಲಿದ್ರೆ ತೊಗಟೆ ಕೆಳಗೆ ಆಕ್ಸಿನ್ ಅನ್ನೋ ಹಾರ್ಮೋನಿನ ಹಂಚಿಕೆ ಬದಲಾಗುತ್ತೆ. ಆಗ ಮೇಲ್ಗಡೆ ಬೆಳೆಯೋ ಕಟ್ಟಿಗೆನೇ ಬೇರೆ ಥರ ಆಗಿ, ಕಾಂಡನ ಎಳೆದು ಎತ್ತುತ್ತೆ. ಮೊದಲ್ನೇ ಪಟ್ಟೆ ನಾನು ವಾಲಿಸಿದಾಗಿನದು. ಎರಡನೇದು ನಿಮ್ಮದು! ನೀವು ನಿಲ್ಲಿಸಿದ ಮೇಲೆ, ಆಚೆ ಬದಿಗೆ ಬಗ್ಗಿದಂತಾದ ತುದಿನ ವಾಪಸ್ ಎಳೆಯೋಕೆ ಬೆಳೆದಿದ್ದು. ಕೆಲಸ ಹಾಳಾಗಿಲ್ಲ ರೀ, ದೊಡ್ಡದಾಗಿದೆ."

"ಅಂದ್ರೆ ನಾನು ಮುಟ್ಟಿದ್ದು ಅದಕ್ಕೆ ಗೊತ್ತಾಗಿದೆಯಾ?"

"ಗೊತ್ತಾಗಿ, ಕಟ್ಟಿಗೆ ಮಾಡಿ ಒಳಗೇ ಇಟ್ಕೊಂಡಿದೆ."

ಅವನ ಮೈ ಜುಮ್ಮೆಂದಿತು. ಕಣ್ಣಿಲ್ಲ, ಕಿವಿಯಿಲ್ಲ, ಆದರೂ ಎಷ್ಟೆಲ್ಲ ತಿಳಿಯುವ ಜೀವ! ನೋಡಿದಷ್ಟೂ ಸಾಲದೆನಿಸಿತು.

ತಲೆಯೆತ್ತಿದರೆ ಅವಳ ಮುಖ ತೀರಾ ಹತ್ತಿರವಿತ್ತು. ಈ ಸಲ ನೋಡಲು ಪೈಪೂ ಇರಲಿಲ್ಲ. ಮೇಜಿನ ಮೇಲಿದ್ದ ಹಳೆಯ ಚೀಟಿಯನ್ನೆತ್ತಿ ತನ್ನ ಅಂಗಿಯ ಜೇಬಿಗೆ ಅಂಟಿಸಿಕೊಂಡ.

"ನನ್ನ ಕಥೆನೂ ಇಷ್ಟೇ ಮೇಡಂ."

ಅವಳು ಓದಿದಳು. "ವ್ಯಾಕರಣ ತಪ್ಪು."

ಅವನ ಮುಖ ಚಿಕ್ಕದಾಯಿತು. ಅವಳು ಪೆನ್ನು ತೆಗೆದು, ಅವನ ಎದೆಯ ಮೇಲೇ, ನಡುವೆ ಒಂದೇ ಒಂದು ಅಕ್ಷರ ಸೇರಿಸಿದಳು. ಅವನು ಬಗ್ಗಿ ಓದಿಕೊಂಡ.

'ವಾಲಿದ್ದೇವೆ.'

"ಇದನ್ನೂ ನೆಟ್ಟಗೆ ಮಾಡೋಕೆ ಹೋಗ್ಬೇಡಿ ಮತ್ತೆ," ಎಂದಳು ಅವಳು.