ಅಂಚಿಗೆ ಬಡಿದು ಸಾಯುವ ಸುಳಿಗಳು

ಕಾರು ಹಿಂದಕ್ಕೆ ಸರಿಯಿತು. ಮತ್ತೆ ನುಗ್ಗಲು.

ಮೊದಲ ಸಲ ಅದು ಹೊಡೆದದ್ದು ನನಗಲ್ಲ, ಮಿನೆಕೊಗೆ. ಶಿಯೊಗಾಮಾ ಬಂದರಿನ ಮೀನು ಮಾರುಕಟ್ಟೆಯ ಹಿಂದೆ, ಬೆಳಗ್ಗೆ ಒಂಬತ್ತಕ್ಕೆ. ಖಾಲಿ ಐಸ್ ಪೆಟ್ಟಿಗೆಗಳ ನಡುವೆ ಬಿದ್ದಿದ್ದಳು. ಬಾಯಲ್ಲಿ ರಕ್ತ.

ಆ ಕಾರನ್ನು ಅಲ್ಲಿಗೆ ಕರೆಸಿದವನು ನಾನೇ...

ನಾನು ಕುರಾಮೊಚಿ. ಸೆಂದಾಯಿ ನಗರದ ಪೊಲೀಸ್ ಕೆಲಸ ಬಿಟ್ಟು ಆರು ವರ್ಷ. ಈಗ ಖಾಸಗಿ ಪತ್ತೇದಾರ. ಚಿಪ್ ಕಂಪನಿಯೊಂದರ ನಿರ್ದೇಶಕ ತೊಕುರಾ ನನ್ನನ್ನು ಕರೆಸಿದ. ಹಗಾ ಮಿನೆಕೊ ಅನ್ನೋ ವಿಜ್ಞಾನಿ ಲ್ಯಾಬಿನಿಂದ ಸ್ಯಾಂಪಲ್ ಕದ್ದು ಓಡಿದ್ದಾಳೆ, ಎಲ್ಲಿದ್ದಾಳೆ ಅಂತ ಹೇಳಿದರೆ ಸಾಕು ಅಂದ.

ಮೂರೇ ದಿನಕ್ಕೆ ಸಿಕ್ಕಳು. ಆ ಮಾರುಕಟ್ಟೆಯಲ್ಲೇ, ತನ್ನ ಅಕ್ಕನ ಮೀನಂಗಡಿಯಲ್ಲಿ.

ತೊಕುರಾಗೆ ಫೋನ್ ಮಾಡಿದೆ. ಆಮೇಲೆ ಅವಳನ್ನು ಮಾತಾಡಿಸಿದೆ. ಉಲ್ಟಾ ಮಾಡಬೇಕಿತ್ತು.

ಕದ್ದದ್ದು ಉಗುರಿನಷ್ಟು ಲೋಹದ ಪದರ. ಅದರೊಳಗೆ ಕಾಂತದ ಸುಳಿಗಳು, ಕಣ್ಣಿಗೆ ಕಾಣದಷ್ಟು ಚಿಕ್ಕವು. ಸ್ಕಿರ್ಮಿಯಾನ್ ಅಂತಾರಂತೆ. ಕರೆಂಟ್ ಹರಿಸಿದರೆ ಸಾಲಾಗಿ ಓಡುತ್ತವೆ. ಸುಳಿ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಅದೇ ಚಿಪ್‌ನ ಮೆಮೊರಿ.

"ಆದ್ರೆ ಅವು ನೇರ ಓಡಲ್ಲ, ಕುರಾಮೊಚಿ-ಸಾನ್," ಅಂದಿದ್ದಳು. "ಪಕ್ಕಕ್ಕೆ ಜಾರ್ತವೆ. ಕರೆಂಟ್ ಸ್ವಲ್ಪ ಹೆಚ್ಚಾದ್ರೂ ಅಂಚಿಗೆ ಬಡಿದು ಸಾಯ್ತವೆ, ಮೆಮೊರಿ ಅಳಿಸಿ ಹೋಗುತ್ತೆ. ಇದನ್ನ ಮುಂದಿನ ತಿಂಗಳು ಪೇಸ್‌ಮೇಕರ್‌ಗೆ ಹಾಕಿ ಹೃದಯದ ರೋಗಿಗಳ ಎದೆಯೊಳಗೆ ಇಡ್ತಾರೆ."

ಪರೀಕ್ಷೆಯ ವರದಿಯನ್ನು ತೊಕುರಾ ತಿದ್ದಿಸಿದ್ದ. ತಿದ್ದಲಾಗದೆ ಉಳಿದದ್ದು ಈ ಚೂರು ಮಾತ್ರ.

ಅಷ್ಟು ಹೇಳಿ ಮುಗಿಸಿದ್ದಳು. ಆಗಲೇ ಕಾರು ಬಂದದ್ದು.

ಎರಡನೇ ಸಲ ನುಗ್ಗಿದಾಗ ಮೀನಿನ ತಳ್ಳುಗಾಡಿಯನ್ನು ಅಡ್ಡ ನೂಕಿದೆ. ಕಾರು ಕಂಬಕ್ಕೆ ಗುದ್ದಿ ನಿಂತಿತು. ಡ್ರೈವರ್ ಕುಂಟುತ್ತಾ ಓಡಿದ. ಬೆನ್ನಟ್ಟಲಿಲ್ಲ.

ಮಿನೆಕೊ ನನ್ನ ಅಂಗೈಗೆ ಪುಟ್ಟ ಡಬ್ಬಿ ತುರುಕಿದಳು.

"ನಿಮ್ಮ ಮೇಲೆ ನಂಬಿಕೆ ಇಲ್ಲ," ಅಂದಳು. "ಬೇರೆ ಯಾರೂ ಇಲ್ಲ, ಅಷ್ಟೆ."

ಆಂಬುಲೆನ್ಸ್ ಬರುವಷ್ಟರಲ್ಲಿ, ಅಂಗಡಿಯಿಂದ ಓಡಿಬಂದ ಅಕ್ಕ ಅವಳ ಕಣ್ಣು ಮುಚ್ಚಿಸಿಯಾಗಿತ್ತು.

ಡಬ್ಬಿಯನ್ನು ಸರ್ಕಾರದ ತನಿಖಾಧಿಕಾರಿಗೆ ಒಪ್ಪಿಸಿದೆ. ಜೊತೆಗೆ ನನ್ನ ಹೇಳಿಕೆ... ಅವಳ ವಿಳಾಸ ಕೊಟ್ಟವನು ನಾನು, ಕೇಳಿದವನು ತೊಕುರಾ. ಅದಿಲ್ಲದಿದ್ದರೆ ಆ ಕೊಲೆಗೂ ಅವನಿಗೂ ನಂಟು ಸಿಗುತ್ತಿರಲಿಲ್ಲ. ತೊಕುರಾ ಜೈಲಿಗೆ ಹೋದ. ಚಿಪ್ ಯಾರ ಎದೆಗೂ ಹೋಗಲಿಲ್ಲ. ನನ್ನ ಕಸುಬೂ ಮುಗಿಯಿತು. ಆ ಹೇಳಿಕೆ ಓದಿದ ಮೇಲೆ ನನ್ನ ಹತ್ತಿರ ಯಾರು ಬರ್ತಾರೆ?

ಒಂದು ದಿನ ಅಕ್ಕನ ಅಂಗಡಿಗೆ ಹೋದೆ. ಕ್ಷಮೆ ಕೇಳಿ, ತಲೆ ಬಗ್ಗಿಸಿ ನಿಂತೇ ಇದ್ದೆ. ಅವಳ ಕೈಯ ಚಾಕು ನಿಲ್ಲಲಿಲ್ಲ.

"ಮೀನು ಬೇಕಿದ್ರೆ ಹೇಳಿ," ಅಂದಳು. "ಇಲ್ಲಾಂದ್ರೆ ಸರೀರಿ, ಹಿಂದೆ ಗಿರಾಕಿ ಕಾಯ್ತಿದ್ದಾರೆ."