ಏಳನೇ ಸ್ಕ್ರೂ

ಏಳನೇ ಸ್ಕ್ರೂ ಮುನ್ನೂರ ಇಪ್ಪತ್ತು ಕಿಲೋಗೇ ಹೊರಗೆ ಬಂತು.

ಸಿಡಿದು ಬರಲಿಲ್ಲ. ಸುಮ್ಮನೆ ಜಾರಿಕೊಂಡು ಬಂತು, ಬೆಣ್ಣೆಯಿಂದ ಚಾಕು ಎಳೆದ ಹಾಗೆ. ಮೀಟರಿನ ಮುಳ್ಳು ಸೊನ್ನೆಗೆ ಬಿತ್ತು. ಎಳೆಯುತ್ತಿದ್ದ ಉಕ್ಕಿನ ತಂತಿ ಸಡಿಲವಾಗಿ ನೆಲ ಮುಟ್ಟಿತು. ಸ್ಕ್ರೂ ನನ್ನ ಬೂಟಿನ ಪಕ್ಕದ ಹಿಮದಲ್ಲಿ ಹೂತುಕೊಂಡಿತು.

ಬೆಳಗ್ಗೆಯಿಂದ ಎಳೆದಿದ್ದ ಆರು ಸ್ಕ್ರೂಗಳಲ್ಲಿ ಒಂದೂ ಸಾವಿರದ ಇನ್ನೂರು ಕಿಲೋಗೆ ಮುಂಚೆ ಮಿಸುಕಿರಲಿಲ್ಲ. ಬಂದಾಗಲೂ ಢಂ ಎಂದು ಸದ್ದು ಮಾಡಿ, ಊಟದ ತಟ್ಟೆಯಷ್ಟಗಲ ಮಂಜುಗಡ್ಡೆ ಒಡೆದುಕೊಂಡೇ ಬಂದಿದ್ದವು. ಇದು ಮಾತ್ರ ಒಂದು ಚಿಕ್ಕ ದುಂಡನೆ ತೂತು ಬಿಟ್ಟು ಬಂದಿತ್ತು.

ನಿಯಮ ಸರಳವಾಗಿತ್ತು. ಹತ್ತು ಸ್ಕ್ರೂ. ಪ್ರತಿಯೊಂದೂ ಸಾವಿರ ಕಿಲೋ ತಡೆಯಬೇಕು. ಒಂದು ಸೋತರೂ ಹತ್ತೂ ಸೋತ ಹಾಗೆ.

ನಾನು ಡೆಲ್ಫೀನಾಳ ಮುಖ ನೋಡಿದೆ. ನೋಡಬಾರದಿತ್ತು.

ಆ ಸ್ಕ್ರೂಗಳನ್ನು ಮಾಡಿದವಳು ಅವಳು. ಗೇಣುದ್ದದ ಟೊಳ್ಳು ಉಕ್ಕಿನ ಕೊಳವೆ, ಮೈತುಂಬ ಥ್ರೆಡ್, ತುದಿಯಲ್ಲಿ ನಾಲ್ಕು ಹಲ್ಲು, ತಲೆಯಲ್ಲಿ ಹಗ್ಗ ಸಿಕ್ಕಿಸುವ ಬಳೆ. ಹೆಪ್ಪುಗಟ್ಟಿದ ಜಲಪಾತ ಹತ್ತುವವರು ಇದನ್ನು ಗೋಡೆಗೆ ತಿರುಪಿ ಜೀವ ನೇತುಹಾಕುತ್ತಾರೆ. ಎರಡು ಚಳಿಗಾಲದ ಹಿಂದೆ ಇದೇ ಜಲಪಾತದಲ್ಲಿ ಇಳಿಯುವಾಗ ಅವಳ ಗಂಡ ಎಲ್ಜೆಯಾರ್ ಬಿದ್ದು ಸತ್ತ. ಅವನು ಜೋತುಬಿದ್ದಿದ್ದ ಸ್ಕ್ರೂ ಕಿತ್ತು ಬಂದಿತ್ತು. ಅದೂ ಅವಳ ಕುಲುಮೆಯದೇ. ಆವತ್ತಿನಿಂದ ಗಂಡನನ್ನು ಕೊಂದದ್ದು ತನ್ನ ಕೈಕೆಲಸ ಎಂದುಕೊಂಡೇ ಅವಳು ಬದುಕಿದಳು. ಒಂದು ವರ್ಷ ಕುಲುಮೆಗೆ ಬೆಂಕಿ ಹಾಕಲಿಲ್ಲ. ಆಮೇಲೆ ಒಂದು ದಿನ ಹಾಕಿದಳು. ಸಾಕ್ಷಿಗಳ ಮುಂದೆ ಎಳೆದು ನೋಡಿ, ನನ್ನ ಸ್ಕ್ರೂ ಕೆಟ್ಟದ್ದಾದರೆ ಕುಲುಮೆ ಮುಚ್ಚುತ್ತೇನೆ ಎಂದು ತಾನಾಗಿಯೇ ಹೇಳಿದಳು.

"ಥ್ರೆಡ್ಡೇ ಸರಿಯಿಲ್ಲ, ನೋಡಿ," ಎಂದ ಮಿರ್ಕೊ. ತುರೀನಿನ ಸ್ಕ್ರೂ ಕಾರ್ಖಾನೆಯೊಂದರ ಮಾರಾಟದವನು, ಪರೀಕ್ಷೆ ನೋಡಲು ಬಂದಿದ್ದ. "ಮಂಜುಗಡ್ಡೇನ ಕಚ್ಕೊಂಡೇ ಇಲ್ಲ. ಕೈಯಲ್ಲಿ ಮಾಡಿದ ಮಾಲು ಅಂದ್ರೆ ಹೀಗೇ. ಆರು ಚೆನ್ನಾಗಿರುತ್ತೆ, ಏಳನೇದು ಹೆಣ ಬೀಳಿಸುತ್ತೆ."

"ಬಾಯಿ ಮುಚ್ಚೋ," ಎಂದ ತಂತಿ ಎಳೆಯುವ ಜಾಕ್ ಒತ್ತುತ್ತಿದ್ದ ಅನ್ಸೆಲ್ಮ್. ನಮ್ಮ ರಕ್ಷಣಾ ತಂಡದವನು, ಕರಡಿಯಂಥ ಆಳು.

ಸೆವೆರಿನ್ ಮಾತ್ರ ಡೆಲ್ಫೀನಾಳ ಹೆಗಲ ಮೇಲೆ ಕೈಯಿಟ್ಟ. ಎಲ್ಜೆಯಾರ್ ಸತ್ತ ದಿನ ಅವನ ಜೊತೆಗಿದ್ದ ಗೈಡ್ ಇವನೇ. "ಸಾಕು ಬಿಡು ಡೆಲ್ಫೀನಕ್ಕ. ನಿನ್ನನ್ನ ಯಾರೂ ದೂರೋದಿಲ್ಲ. ಮನೆಗೆ ಹೋಗೋಣ."

ಅವಳು ಎದ್ದೇ ಬಿಟ್ಟಳು.

"ಕೂತ್ಕೋ!"

ಹೇಳಿದವರು ಒತ್ತಾವಿಯಮ್ಮ. ವಯಸ್ಸು ಅರವತ್ತೆಂಟು. ಇಪ್ಪತ್ತು ವರ್ಷ ರಕ್ಷಣಾ ತಂಡ ನಡೆಸಿದವರು. ನಮ್ಮ ಕಣಿವೆಯಲ್ಲಿ ಮಂಜುಗೋಡೆ ಹತ್ತುವ ಗಂಡಸರೆಲ್ಲ ಅವರ ಹತ್ತಿರ ಬೈಸಿಕೊಂಡೇ ಕಲಿತವರು. ಆ ದಿನ ಹತ್ತು ಸ್ಕ್ರೂಗಳನ್ನೂ ಬೆಳಗಿನ ಜಾವಕ್ಕೇ ಬಂದು, ಗುಳ್ಳೆಯಿಲ್ಲದ ಗಟ್ಟಿ ನೀಲಿ ಮಂಜುಗಡ್ಡೆ ಹುಡುಕಿ, ಅವರೇ ಗೋಡೆಗೆ ತಿರುಪಿದ್ದರು.

"ನಾನು ಹಾಕಿದ ಸ್ಕ್ರೂ ಮುನ್ನೂರಕ್ಕೆ ಬರುತ್ತಾ?" ಅವರು ನಮ್ಮನ್ನು ಕೇಳಲಿಲ್ಲ, ಗೋಡೆಯನ್ನು ಕೇಳಿದರು. ತೂತಿನೊಳಗೆ ಕಿರುಬೆರಳು ಹಾಕಿ ತಿರುಗಿಸಿದರು. ಆಮೇಲೆ ಹಿಮದಲ್ಲಿ ಬಿದ್ದಿದ್ದ ಸ್ಕ್ರೂ ಎತ್ತಿ, ದೂರದರ್ಶಕದ ಹಾಗೆ ಕಣ್ಣಿಗಿಟ್ಟು ಆಕಾಶ ನೋಡಿದರು.

ಎಳೆದ ಸ್ಕ್ರೂಗಳ ಪೆಟ್ಟಿಗೆ ನನ್ನ ಜವಾಬ್ದಾರಿ. ನಾನು ಪಾಸಿಫಿಕ್, ಕಸುಬಿನಲ್ಲಿ ಫೊಂತೀನಾ ಚೀಸ್ ಮಾಡುವವನು. ಜಲಪಾತದ ಬುಡದಲ್ಲಿರುವ ಕಲ್ಲಿನ ಗುಡಿಸಲು ನನ್ನದೇ ಆದ್ದರಿಂದ ಸೂಪು ಕಾಯಿಸುವ ಕೆಲಸ, ಪೆಟ್ಟಿಗೆ ಹೊರುವ ಕೆಲಸ ಎರಡೂ ನನಗೆ ಬಂದಿದ್ದವು. ಎಲ್ಲ ಮುಗಿಯಿತಲ್ಲ ಎಂದುಕೊಂಡು ಪೆಟ್ಟಿಗೆ ಎತ್ತಿ ಒಳಗೆ ಹೊರಟೆ.

"ಎಲ್ಲಿಗೆ ಸವಾರಿ?" ಎಂದರು ಒತ್ತಾವಿಯಮ್ಮ.

"ಒಲೆ ಹತ್ರ ಇಡೋಣ ಅಂತ. ಕಬ್ಬಿಣ ಮುಟ್ಟಿದ್ರೆ ಕೈ ಕೊರಡಾಗ್ತಿದೆ."

"ಒಲೆ ಹತ್ರ ಇಟ್ರೆ ನಿನ್ನನ್ನೇ ಒಲೆಗೆ ಹಾಕ್ತೀನಿ. ಹಿಮದ ಮೇಲೇ ಇರ್ಲಿ ಅದು. ನೀನು ಒಳಗೆ ಹೋಗಿ ಗ್ರೋಲಾದಲ್ಲಿ ಕಾಫಿ ಮಾಡ್ಕೊಂಡು ಬಾ. ಕುದೀತಾ ಇರ್ಬೇಕು. ಗ್ರಾಪ್ಪಾ ಸುರಿಯೋವಾಗ ಜಿಪುಣತನ ಮಾಡ್ಬೇಡ."

ಒಬ್ಬ ಹೆಂಗಸಿನ ಬದುಕು ಮುಳುಗುತ್ತಿರುವಾಗ ಕಾಫಿಯೇ? ಮುದುಕಿಗೆ ಅರಳುಮರಳು ಎಂದುಕೊಂಡೆ. ಆದರೂ ಮಾಡಿದೆ. ಗ್ರೋಲಾ ನಮ್ಮ ಗೆಳೆತನದ ಬಟ್ಟಲು. ಮರದ್ದು, ಸುತ್ತಲೂ ಆರು ಕೊಕ್ಕು. ಕಾಫಿ, ಸಕ್ಕರೆ, ಕಿತ್ತಳೆ ಸಿಪ್ಪೆ, ಗ್ರಾಪ್ಪಾ ಎಂಬ ದ್ರಾಕ್ಷಿ ಸಾರಾಯಿ ಹಾಕಿ ಮೇಲೆ ಬೆಂಕಿ ಹೊತ್ತಿಸಿ ಮುಚ್ಚಬೇಕು. ಖಾಲಿಯಾಗುವ ತನಕ ಕೈಯಿಂದ ಕೈಗೆ ಹೋಗುತ್ತಿರಬೇಕು, ಕೆಳಗಿಡುವಂತಿಲ್ಲ. ಬೇಡ ಎನ್ನುವಂತೆಯೂ ಇಲ್ಲ. ಬೇಡವೆಂದರೆ ಆ ಕೂಟದಲ್ಲಿ ಯಾರೊಂದಿಗೋ ಜಗಳ ಎಂದೇ ಲೆಕ್ಕ.

ಐವರೂ ಹಿಮದಲ್ಲಿ ಗುಂಡಗೆ ನಿಂತಿದ್ದರು. ನಾನು ಬಟ್ಟಲು ಹಿಡಿದು ಸೇರಿಕೊಂಡೆ.

"ಆರನೇದು ಊಟಕ್ಕೆ ಮುಂಚೆ ಎಳೆದ್ವಿ," ಎಂದರು ಒತ್ತಾವಿಯಮ್ಮ. "ಏಳನೇದು ಊಟ ಆದ ಮೇಲೆ. ಮಧ್ಯೆ ಒಂದು ಗಂಟೆ. ಡೆಲ್ಫೀನಾ, ನಾನು, ಪಾಸಿಫಿಕ್ ಒಳಗೇ ಇದ್ವಿ. ಹೊರಗೆ ಕಾವಲು ಮೂರು ಜನ, ಒಬ್ಬೊಬ್ರೇ ಇಪ್ಪತ್ತಿಪ್ಪತ್ತು ನಿಮಿಷ. ಮೊದಲು ಯಾರು?"

"ನಾನು," ಎಂದ ಅನ್ಸೆಲ್ಮ್. ಬಟ್ಟಲು ಅವನ ಕೈಯಲ್ಲಿತ್ತು. ಗುಟುಕರಿಸಿ, ಮೀಸೆ ಒರೆಸಿ, ಇನ್ನೊಂದು ಗುಟುಕರಿಸಿದ.

"ಏನ್ ಮಾಡ್ತಿದ್ದೆ?"

"ಜಾಕಿಗೆ ಎಣ್ಣೆ ಹಾಕ್ತಿದ್ದೆ. ಆಮೇಲೆ ನೀವು ಒಳಗೆ ಕುಡೀತಿದ್ದ ಸೂಪು ನೆನೆಸ್ಕೊಂಡು ಅಳ್ತಿದ್ದೆ."

"ಬಟ್ಟಲು ಮುಂದಕ್ಕೆ ಕೊಡು, ಕುಡುಕ. ಮಿರ್ಕೊ?"

"ಫೋಟೋ ತೆಗೀತಿದ್ದೆ." ತುರೀನಿನವನು ಬಟ್ಟಲನ್ನು ತಿರುಗಿಸಿ, ಯಾವ ಕೊಕ್ಕು ಎಂದು ತಿಳಿಯದೆ ಮೂಗಿಗೆ ಕಾಫಿ ಸುರಿದುಕೊಂಡ. ಆಮೇಲೆ ಸರಿಯಾಗಿಯೇ ಕುಡಿದ. "ನನ್ನ ಮೇಲೆ ಅನುಮಾನಾನಾ? ನಾನು ಯಾಕ್ರೀ ಮುಟ್ಲಿ? ನಿಮ್ಮ ಸ್ಕ್ರೂ ತಾನಾಗೇ ಸೋಲ್ತಿತ್ತು."

"ಯಾವತ್ತಾದ್ರೂ ಮಂಜುಗೋಡೆ ಹತ್ತಿದೀಯಾ?"

"ನಾನಾ? ಅಯ್ಯೋ, ನಂಗೆ ಏಣಿ ಹತ್ತಿದ್ರೇ ತಲೆ ಸುತ್ತುತ್ತೆ."

"ಒಳ್ಳೇದು. ಸೆವೆರಿನ್?"

"ಕೊನೇ ಇಪ್ಪತ್ತು ನಿಮಿಷ ನಾನಿದ್ದೆ. ಒಂದು ನರಪಿಳ್ಳೆ ಬರ್ಲಿಲ್ಲ." ಬಟ್ಟಲು ಕೈಗೆ ಬಂದೊಡನೆ ಅವನು ನನಗೆ ದಾಟಿಸಿದ. "ನಂಗೆ ಬೇಡ. ಹೊಟ್ಟೆ ಸರಿಯಿಲ್ಲ."

ಒತ್ತಾವಿಯಮ್ಮ ಬಟ್ಟಲನ್ನೊಮ್ಮೆ ನೋಡಿದರು. ನನ್ನ ಕಡೆ ತಿರುಗಿದರು. "ಪಾಸಿಫಿಕ್, ನಿನ್ನ ಜೇಬಲ್ಲಿ ಚೀಸ್ ಚುಚ್ಚಿ ನೋಡೋ ಕೊಳವೆ ಇರ್ಬೇಕಲ್ಲ?"

"ಇದೆ."

"ಅದ್ರಲ್ಲಿ ಏನ್ ಮಾಡ್ತೀಯ?"

"ಚೀಸ್‌ಗೆ ಚುಚ್ಚಿ ತಿರುಗಿಸ್ತೀನಿ. ಒಂದು ಕಡ್ಡಿಯಷ್ಟು ಚೀಸ್ ಕೊಳವೆಯೊಳಗೆ ಬರುತ್ತೆ. ಮೂಸಿ ನೋಡಿ ಒಳಗೆ ಹೆಂಗಿದೆ ಅಂತ ಹೇಳ್ತೀನಿ."

"ಚುಚ್ಚಿದ ಮೇಲೆ ಕೊಳವೆ ಖಾಲಿ ಇದ್ರೆ?"

"ಖಾಲಿ ಹೆಂಗಿರುತ್ತೆ? ಯಾರೋ ತೆಗೆದಿರ್ಬೇಕು, ಇಲ್ಲ ತಿಂದಿರ್ಬೇಕು."

"ಹಾಂ!" ಎಂದರು ಅವರು, ಪೆಟ್ಟಿಗೆಯಿಂದ ಮೂರನೇ ಸ್ಕ್ರೂ ತೆಗೆದು. "ಒಳಗೆ ನೋಡಿ ಎಲ್ರೂ."

ಕೊಳವೆಯ ತುಂಬ ಗಾಜಿನಂಥ ಗಡ್ಡೆ. ಸ್ಕ್ರೂ ಗೋಡೆಯೊಳಗೆ ಹೋಗುವಾಗ ಕೊರೆದ ಗಡ್ಡೆ ಟೊಳ್ಳಿನಲ್ಲಿ ಕಡ್ಡಿಯಾಗಿ ನಿಲ್ಲುತ್ತದೆ. ಆವತ್ತು ಸೊನ್ನೆಗಿಂತ ಹದಿನಾಲ್ಕು ಡಿಗ್ರಿ ಕೆಳಗಿನ ಚಳಿ. ಬೆಳಗಿನಿಂದ ನಿಂತ ಕಡ್ಡಿ ಉಕ್ಕಿಗೆ ಅಂಟಿಕೊಂಡೇ ಬಿಟ್ಟಿತ್ತು. ಒತ್ತಾವಿಯಮ್ಮ ಸ್ಕ್ರೂವನ್ನು ಬಂಡೆಗೆ ಎರಡು ಸಲ ಬಡಿದರು. ಬೀಳಲಿಲ್ಲ. ಒಂದರಿಂದ ಆರರವರೆಗೆ ಎಲ್ಲವೂ ಹಾಗೆಯೇ ತುಂಬಿದ್ದವು.

ಏಳನೆಯದನ್ನು ನನ್ನ ಕಣ್ಣಿಗೆ ಹಿಡಿದರು. ಕೊಳವೆಯ ಆಚೆ ಅನ್ಸೆಲ್ಮನ ಮೀಸೆ ಕಂಡಿತು.

"ಹಾಗಾದ್ರೆ..." ಎಂದ ಅನ್ಸೆಲ್ಮ್.

"ನಾನು ಹಾಕಿದ ಸ್ಕ್ರೂನ ಯಾರೋ ಬಿಚ್ಚಿದಾರೆ. ಅದೇ ತೂತಿಗೆ ಹಳೇ ಕಾಲದ ದಪ್ಪ ಸ್ಕ್ರೂ ತಿರುಪಿ ದೊಡ್ಡದು ಮಾಡಿದಾರೆ. ಬೆರಳು ಹಾಕಿದ್ರೆ ಗೊತ್ತಾಗುತ್ತೆ. ಆಮೇಲೆ ಡೆಲ್ಫೀನಾದು ವಾಪಸ್ ಹಾಕಿ, ಅಲ್ಲಾಡದೇ ಇರ್ಲಿ ಅಂತ ಕೊರಳಿಗೆ ಹಿಮ ಮೆತ್ತಿದಾರೆ. ಕೆಲಸ ಅಚ್ಚುಕಟ್ಟು. ಒಂದೇ ಒಂದು ತಪ್ಪು. ಒಳಗಿದ್ದ ಕಡ್ಡಿ ಹಾಗೇ ಬಿಟ್ಟು ವಾಪಸ್ ಹಾಕಿದ್ರೆ ನನ್ನಪ್ಪನಾಣೆಗೂ ಸಾಬೀತು ಮಾಡೋಕಾಗ್ತಿರ್ಲಿಲ್ಲ. ಬಿಡ್ಲಿಲ್ಲ. ಬಿಸಿಯುಸಿರು ಊದಿ ಊದಿ ಸಡಿಲಿಸಿ ತೆಗೆದ."

"ಯಾಕೆ ತೆಗೆದ?" ಎಂದೆ.

"ಅಭ್ಯಾಸ! ಸ್ಕ್ರೂ ಬಿಚ್ಚಿದ ತಕ್ಷಣ ಕೊಳವೆ ಖಾಲಿ ಮಾಡ್ಬೇಕು. ಇಲ್ದಿದ್ರೆ ಕಡ್ಡಿ ಅಂಟ್ಕೊಂಡು ಮುಂದಿನ ಸಲ ಗೋಡೆಗೆ ಹೋಗಲ್ಲ, ಜೀವ ಹೋಗುತ್ತೆ. ಹತ್ತೋನಿಗೆ ಅದು ಕಣ್ಣು ಮಿಟುಕಿಸಿದ ಹಾಗೆ. ಗೊತ್ತಾಗದೇನೇ ಮಾಡ್ತಾನೆ. ಏಣಿಗೆ ಹೆದರೋ ಮಿರ್ಕೊಗೆ ಆ ಅಭ್ಯಾಸ ಎಲ್ಲಿಂದ ಬರ್ಬೇಕು?"

ಮಿರ್ಕೊ ಜೀವನದಲ್ಲೇ ಮೊದಲ ಬಾರಿ ತನ್ನ ಅಂಜುಬುರುಕತನಕ್ಕೆ ಖುಷಿಪಟ್ಟ.

"ಉಳಿದೋರು ಇಬ್ರು. ಇಬ್ರಿಗೂ ಮುಷ್ಟಿ ಅಡ್ಡ ಇಟ್ಟು ಊದೋಕೆ ಕಲಿಸಿದೀನಿ. ಈ ಚಳೀಲಿ ಉಕ್ಕಿಗೆ ನೇರವಾಗಿ ಬಾಯಿಟ್ರೆ ತುಟಿ ಅಂಟ್ಕೊಳುತ್ತೆ, ಕಿತ್ರೆ ಚರ್ಮ ಬರುತ್ತೆ. ಆದ್ರೆ ಕಳ್ಳತನದ ಅವಸರದಲ್ಲಿ ಮುಷ್ಟಿ ನೆನಪಾಗಲ್ಲ." ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡರು. ಕಾಫಿ ಇನ್ನೂ ಹೊಗೆಯಾಡುತ್ತಿತ್ತು. "ಅನ್ಸೆಲ್ಮ್ ಗ್ರಾಪ್ಪಾನ ಹಸುವಿನ ಹಾಗೆ ಹೀರಿದ. ತಗೋ ಸೆವೆರಿನ್. ಹೊಟ್ಟೆ ಸರಿಯಿಲ್ಲ ಅಂದ್ಯಲ್ಲ, ಒಂದು ಗುಟುಕು ಸಾಕು."

ಸೆವೆರಿನ್ ಕದಲಲಿಲ್ಲ.

"ಕುಡಿಯೋ. ಇಲ್ಲಿ ಯಾರ ಮೇಲೆ ನಿನಗೆ ಜಗಳ?"

ಅವನು ಬಟ್ಟಲು ತೆಗೆದುಕೊಂಡ. ಕೊಕ್ಕಿಗೆ ಬಾಯಿಟ್ಟ. ಮರುಕ್ಷಣ ಮುಖ ಹಿಂಡಿ ಬಟ್ಟಲನ್ನು ಹಿಮದ ಮೇಲೆ ಬೀಳಿಸಿದ. ನಾನು ಎತ್ತಿದೆ. ಕೊಕ್ಕಿನ ತುದಿಯಲ್ಲಿ ಕೆಂಪಾಗಿ ರಕ್ತ ಅಂಟಿತ್ತು. ಅವನ ಕೆಳತುಟಿಯ ಒಳಗೆ ಉಗುರಿನಷ್ಟಗಲ ಚರ್ಮ ಇರಲಿಲ್ಲ.

ಅನ್ಸೆಲ್ಮ್ ಅವನ ಚೀಲ ಸುರಿದ. ದಪ್ಪ ಹಳೇ ಸ್ಕ್ರೂ ಹೊರಗೆ ಬಿತ್ತು. ಅದನ್ನೂ ಶುಚಿಯಾಗಿ ಊದಿ, ತುದಿಯ ಹಲ್ಲಿಗೆ ಮುಚ್ಚಳ ಹಾಕಿ ಇಟ್ಟಿದ್ದ.

"ಕಲಿಸಿದ್ದನ್ನ ಮರೆತಿಲ್ಲ ನೋಡು," ಎಂದರು ಒತ್ತಾವಿಯಮ್ಮ. ಅವರ ದನಿಯಲ್ಲಿ ಗೆಲುವು ಇರಲಿಲ್ಲ. ಮೂವತ್ತು ವರ್ಷದ ಹಿಂದೆ ಅವನಿಗೆ ಅದನ್ನು ಬೈದು ಬೈದು ಕಲಿಸಿದವರು ಅವರೇ. "ಈಗ ಎರಡು ವರ್ಷದ ಹಿಂದಿನದು ನೀನೇ ಹೇಳು. ಡೆಲ್ಫೀನಾಳ ಸ್ಕ್ರೂ ಗಟ್ಟಿ ಅಂತ ಇವತ್ತು ಸಾಬೀತಾಗಿದ್ರೆ ಊರೋರು ಏನು ಕೇಳ್ತಿದ್ರು? ಹಾಗಾದ್ರೆ ಎಲ್ಜೆಯಾರ್ ಯಾಕೆ ಬಿದ್ದ ಅಂತ ತಾನೆ? ಆ ಸ್ಕ್ರೂ ಹಾಕಿದ್ದು ಯಾರು?"

"ನಾನು."

"ಎಲ್ಲಿ ಹಾಕಿದ್ದೆ?"

ಸೆವೆರಿನ್ ಡೆಲ್ಫೀನಾಳನ್ನು ನೋಡಲಾರದೆ ನೆಲ ನೋಡಿದ. "ಹಿಂದಿನ ದಿನ ಯಾರೋ ಕೊರೆದು ಬಿಟ್ಟು ಹೋಗಿದ್ದ ತೂತು. ಬಿಸಿಲಿಗೆ ಸವೆದು ಹೋಗಿತ್ತು. ಬೇರೆ ಕಡೆ ಗಡ್ಡೆ ಕಬ್ಬಿಣದ ಹಾಗಿತ್ತು, ಕೈ ಸೋತಿತ್ತು. ಎಲ್ಜೆಯಾರ್ ಮೇಲಿಂದ ಕೂಗಿ ಕೇಳಿದ, ಹೊಸ ತೂತು ತಾನೆ ಅಂತ. ಹೌದು ಅಂದೆ."

ಗಾಳಿಗೆ ಜಲಪಾತದ ಮೇಲಿಂದ ಹಿಮದ ಪುಡಿ ಉದುರಿತು. ಡೆಲ್ಫೀನಾ ಅವನೆದುರು ಬಂದು ನಿಂತಳು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ಹೊಸದು ಕೊರೆಯೋಕೆ ಎಷ್ಟು ಹೊತ್ತು ಹಿಡೀತಿತ್ತು?" ಎಂದಳು.

"ಅಕ್ಕ..."

"ಎಷ್ಟು ಹೊತ್ತು?"

"ಒಂದು ನಿಮಿಷ."

"ಒಂದು ನಿಮಿಷ," ಎಂದಳು ಅವಳು. "ಅವನನ್ನ ಕೊಂದೆ ಅಂತ ನಾನು ಎರಡು ವರ್ಷ ಅತ್ತೆ. ನೀನು ಪ್ರತಿ ಭಾನುವಾರ ಬಂದು ನನ್ನ ಒಲೆ ಮುಂದೆ ಕೂತು ಸಮಾಧಾನ ಹೇಳಿದೆ."

ಅನ್ಸೆಲ್ಮ್ ಸೆವೆರಿನ್‌ನ ತೋಳು ಹಿಡಿದು ಪೊಲೀಸ್ ಠಾಣೆಯ ಕಡೆ ನಡೆಸಿಕೊಂಡು ಹೋದ. ಹಿಮದಲ್ಲಿ ಇಬ್ಬರ ಹೆಜ್ಜೆಯ ಕರಕರ ಸದ್ದು ಬಹಳ ಹೊತ್ತು ಕೇಳಿಸಿತು.

ನಾನು ಪೆಟ್ಟಿಗೆ ಮುಚ್ಚಲು ಹೋದೆ.

"ಯಾಕೆ ಮುಚ್ತೀಯ?" ಡೆಲ್ಫೀನಾ ಕೈಗವಸು ಬಿಗಿ ಮಾಡಿಕೊಂಡು ಜಾಕಿನ ಮುಂದೆ ಮಂಡಿಯೂರಿದ್ದಳು. "ಇನ್ನೂ ಮೂರು ಬಾಕಿ ಇದೆ. ಒತ್ತಾವಿಯಮ್ಮ, ಏಳನೇ ಸ್ಕ್ರೂ ಹೊಸ ಜಾಗದಲ್ಲಿ ಹಾಕಿಕೊಡಿ, ಕೊನೇಲಿ ಅದನ್ನೂ ಎಳೀತೀನಿ. ಮಿರ್ಕೊ, ನೀನು ಮೀಟರ್ ಓದು. ಗಟ್ಟಿಯಾಗಿ ಓದ್ಬೇಕು."

ತಂತಿಯನ್ನು ಎಂಟನೆಯದಕ್ಕೆ ಸಿಕ್ಕಿಸಿದೆವು. ಅವಳು ಜಾಕ್ ಒತ್ತಿದಳು.

"ಐನೂರು," ಎಂದ ಮಿರ್ಕೊ. "ಎಂಟುನೂರು. ಸಾವಿರ! ಸಾವಿರದ ನಾನೂರು..."

"ಇನ್ನೂ ಗಟ್ಟಿಯಾಗಿ," ಎಂದಳು ಡೆಲ್ಫೀನಾ. ಕೆನ್ನೆಯ ಮೇಲೆ ಇಳಿದ ನೀರನ್ನು ಒರೆಸಿಕೊಳ್ಳದೆ, ಜಾಕನ್ನು ಮತ್ತೆ ಒತ್ತಿದಳು.