ಓರೆಯಾಗಿ ನಿಂತ ಬಾಕ್ಸು

"ಅದನ್ನ ಆಫ್ ಮಾಡು ಅನು," ಎಂದರು ಸೊಣ್ಣಪ್ಪ ಚಿಕ್ಕಪ್ಪ. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಿದ್ದರು.

ಅನುಸೂಯ ಟೇಪ್ ರೆಕಾರ್ಡರ್ ನಿಲ್ಲಿಸಿದಳು. ತಾತ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಸ್ಪೀಕರ್ ಬಾಕ್ಸುಗಳನ್ನು ಒರೆಸಿಡೋಣವೆಂದು ಬಟ್ಟೆ ಹಿಡಿದು ಕೂತಿದ್ದಳು.

"ತಾತ ಬರಲ್ಲ ಕಣಮ್ಮ. ಹೋಗ್ಬಿಟ್ರು."

ಒಳಗೆ ರಾಮಕ್ಕಜ್ಜಿಯ ಕೈಯಿಂದ ಮೊರ ಜಾರಿತು.

ಕಾಡುಗೋಡಿಯಲ್ಲಿ ನಲ್ಲಪ್ಪತಾತನ ಬಾಕ್ಸುಗಳನ್ನು ಅರಿಯದವರಿಲ್ಲ. ಹಲಸಿನ ಹಲಗೆ ಕೊಯ್ದು ತಾವೇ ಮಾಡಿದ್ದರು. ಶನಿವಾರದ ತಿಮ್ಮಪ್ಪನ ಭಜನೆಯನ್ನು ಎರಡು ಮೈಕಿಟ್ಟು ಕ್ಯಾಸೆಟ್ಟಿಗೆ ತುಂಬಿಸಿದ್ದರು. ಒಂದು ಬಾಕ್ಸಿನಲ್ಲಿ ತಬಲ, ಇನ್ನೊಂದರಲ್ಲಿ ತಾತನ ದನಿ.

ತಿಥಿಯ ದಿನ ಅದೇ ಕ್ಯಾಸೆಟ್ ಹಾಕುವುದೆಂದಾಯಿತು. ಆದರೆ ಮನೆಯ ಪದ್ಧತಿಯಂತೆ ಅಜ್ಜಿ ಆ ದಿನ ಒಳಕೋಣೆಯಿಂದ ಹೊರಗೆ ಬರುವಂತಿರಲಿಲ್ಲ.

"ಅವ್ರ ದನಿ ಒಂದಪ, ಒಂದೇ ಒಂದ್ಸಲ ಕಿವಿಗೆ ಬಿದ್ರೆ ಸಾಕು ಕಣೆ," ಎಂದರು ಅಜ್ಜಿ.

ಕ್ಯಾಸೆಟ್ ಶುರುವಾಯಿತು. ನಡುಮನೆ ತುಂಬ ಜನ. ಅನುಸೂಯ ಒಳಗೆ ಓಡಿ ಅಜ್ಜಿಯ ಚಾಪೆಯ ಮೇಲೆ ಕೂತಳು. ಅಲ್ಲಿ ಬರೀ ತಬಲ ಕೇಳುತ್ತಿತ್ತು. ತಾತನ ದನಿ ಬೀದಿ ಕಡೆಗೆ ಹೋಗುತ್ತಿತ್ತು.

"ಚಿಕ್ಕಪ್ಪ, ಅಜ್ಜಿಗೆ ತಾತನ ಹಾಡೇ ಕೇಳ್ತಿಲ್ಲ."

"ಸೌಂಡ್ ಜಾಸ್ತಿ ಮಾಡ್ತೀನಿ ಬಿಡು."

ಮಾಡಿದರು. ತಬಲವೇ ಇನ್ನಷ್ಟು ಜೋರಾಯಿತು.

"ತಾತನ ದನಿ ಬರೋ ಬಾಕ್ಸ್ ಮುಂಚೆ ಹೀಗಿರ್ಲಿಲ್ಲ," ಎಂದಳು ಅನುಸೂಯ.

"ಓರೆ ಓರೆ ಇತ್ತು, ನೆಟ್ಟಗೆ ಮಾಡಿದೀನಿ. ಬಂದೋರು ನಗಲ್ವಾ?"

"ಒಂದ್ಸಲ ನಾನು ನೋಡ್ಲಾ?"

"ಓಹೋ, ಮೈಕ್‌ಸೆಟ್ ಮೇಡಂ ಬಂದ್ರು. ನೋಡಮ್ಮ, ನೋಡು."

ತಾತ ಹೇಳುತ್ತಿದ್ದದ್ದು ಅವಳಿಗೆ ನೆನಪಿತ್ತು. "ಬಾಕ್ಸ್ ತಾವ ನಿಂತ್ಕೊಂಡು ಕೇಳ್ಬೇಡ ಮಗಾ. ಕೇಳೋರು ಎಲ್ಲಿ ಕೂತವ್ರೆ, ಅಲ್ಲೋಗಿ ಕೂತ್ಕೊಂಡು ಕೇಳು."

ಎರಡು ಬಾಕ್ಸುಗಳ ಸದ್ದು ಹೊಂದಿಸುವ ಬ್ಯಾಲೆನ್ಸ್ ನಾಬನ್ನು ತಾತನ ದನಿಯ ಕಡೆಗೆ ತುಸು ತಿರುಗಿಸಿದಳು. ಓಡಿಹೋಗಿ ಚಾಪೆಯ ಮೇಲೆ ಕಣ್ಣು ಮುಚ್ಚಿ ಕೂತಳು. ಅಷ್ಟರಲ್ಲಿ ಸ್ಟೇಷನ್ನಿನ ಕಡೆ ಗೂಡ್ಸ್ ರೈಲು ಗಡಗಡ ಎಂದಿತು. ಅದು ಹೋಗುವ ತನಕ ಕಾದಳು. ದನಿ ಬಂತು, ಆದರೆ ಇನ್ನೂ ದೂರ.

ಮತ್ತೆ ಓಡಿದಳು. ದನಿಯ ಬಾಕ್ಸಿನ ಮುಖವನ್ನು ಒಳಬಾಗಿಲ ಕಡೆಗೆ ತಿರುಗಿಸುತ್ತ ನಿಧಾನವಾಗಿ ತಳ್ಳಿದಳು. ಕೆಂಪು ಗಾರೆಯ ನೆಲದ ಮೇಲೆ ಒಂದು ಹಳೆಯ ಗುರುತು, ಚೌಕಾಕಾರದ ಮಾಸಲು ಕಲೆ, ಕಾಣಿಸಿತು. ಬಾಕ್ಸು ಅದರ ಮೇಲೆ ಸರಿಯಾಗಿ ಕೂತಿತು.

ಅನುಸೂಯ ಅದನ್ನೇ ನೋಡುತ್ತ ನಿಂತಳು. ಓರೆಯಾದ ಆ ಗುರುತಿನ ನೇರಕ್ಕೆ ಒಳಬಾಗಿಲು, ಬಾಗಿಲಿನಾಚೆ ಅಜ್ಜಿ ಅಕ್ಕಿ ಆರಿಸುತ್ತ ಕೂರುವ ಜಾಗ.

ಒಳಗೆ ಹೋದಾಗ ತಾತನ ದನಿ ಎದುರೇ ಕೂತು ಹಾಡಿದಂತಿತ್ತು, ತಬಲ ಅದರ ಹಿಂದೆ ಮೆಲ್ಲಗೆ. "ತಾತ ಬಾಕ್ಸನ್ನ ಈ ಕಡೆಗೇ ತಿರುಗಿಸಿ ಇಟ್ಟಿದ್ರು ಅಜ್ಜಿ," ಎಂದಳು ಅನುಸೂಯ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು.

"ದಿನಾ ಇಂಗೇ ಕೇಳ್ತಿತ್ತು ಕಣೆ. ಬಾಕ್ಸೇ ಒಳ್ಳೇದು ಅಂದ್ಕೊಂಡಿದ್ದೆ."

ಹೊರಗೆ ಯಾರೋ, "ಸೆಟ್ಟಿಂಗ್ ಯಾರ್ದಪ್ಪ? ಈಗ ನಲ್ಲಪ್ಪನೇ ಬಂದಂಗಾಯ್ತು," ಎಂದರು.

"ನಮ್ಮ ಅನುಸೂಯಂದು," ಎಂದರು ಚಿಕ್ಕಪ್ಪ. ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ಅನುಸೂಯಳ ಬೆನ್ನು ತಾನಾಗಿ ನೆಟ್ಟಗಾಯಿತು.

ಹಾಡು ಮುಗಿದ ಮೇಲೆ ಅಜ್ಜಿ ಅವಳ ಕೈಗಳನ್ನು ತಮ್ಮ ಕೈಗಳ ನಡುವೆ ಇಟ್ಟು ಮುಗಿದರು. ಅನುಸೂಯ ಕಣ್ಣು ಮುಚ್ಚಿದಳು.

ತಿಮ್ಮಪ್ಪಾ, ನಮ್ಮ ತಾತನ ಜೀವಕ್ಕೆ ನೆಮ್ಮದಿ ಕೊಡು. ನಿನ್ನ ಭಜನೆ ಚೆನ್ನಾಗಿ ಕೇಳುವ ಜಾಗ ನೋಡಿ ಅವರನ್ನು ಕೂರಿಸು.